ಅರ್ಧ ಗಂಟೆಯಲ್ಲಿ ಕಾರು ತೊಳೆಯುವುದು



ನಾಳೆ ಆಯುಧಪೂಜೆ. ಇಂದು ಸಂಜೆ ಕಚೇರಿ ಬಿಟ್ಟವರು, ಅಂಗಡಿ ಮುಚ್ಚಿದವರು ಮನೆಗೆ ಬಂದು ಒಂದು ಬಕೆಟ್ಟು, ಒಂದು ಮಗ್ಗು, ಹಳೆಯ ಬನಿಯನ್ ಹಿಡಿದು ಬೀದಿಗಿಳಿಯುತ್ತಾರೆ. ಹೂವು ತರಬೇಕು, ಬೂದುಗುಂಬಳ ತರಬೇಕು, ಕತ್ತಲಾಗುವುದರೊಳಗೆ ಕಾರು ಹೊಳೆಯಬೇಕು. ವರ್ಷವೆಲ್ಲ ಬಿಸಿಲು ಮಳೆ ತಡೆದುಕೊಂಡ ಬಣ್ಣದ ಮೇಲೆ ಅತಿ ಹೆಚ್ಚು ಗೀರು ಬೀಳುವುದು ಇಂಥ ಸಂಜೆಗಳಲ್ಲೇ ಎನ್ನುವುದು ನನ್ನ ಅನಿಸಿಕೆ. ಅರ್ಧ ಗಂಟೆ ಸಮಯವಿದ್ದರೆ ಏನು ಮಾಡಬಹುದು, ಏನು ಬಿಡಬಹುದು ಎಂಬುದಷ್ಟೇ ಇಂದಿನ ಮಾತು. ಏನು ಬಿಡಬಹುದು ಎಂಬುದರ ಮೇಲೆ ಸ್ವಲ್ಪ ಹೆಚ್ಚೇ ಒತ್ತು ಕೊಡುತ್ತೇನೆ.

ಕಾರಿನ ಮೇಲೆ ಕುಳಿತ ಧೂಳು ಬಣ್ಣಕ್ಕೆ ಏನೂ ಮಾಡುವುದಿಲ್ಲ. ಒಂದು ದಿನ ಕೂರಲಿ, ಹತ್ತು ದಿನ ಕೂರಲಿ, ಅದು ಬರೀ ಧೂಳು. ಅದರ ಮೇಲೆ ನಾವು ಬಟ್ಟೆ ಇಟ್ಟು ಎಳೆದ ಕ್ಷಣದಿಂದ ಕೆಲಸ ಕೆಡುತ್ತದೆ. ನಮ್ಮ ಧೂಳಿನಲ್ಲಿ ಮರಳಿನ ಪುಡಿ, ಅಂದರೆ ಸ್ಫಟಿಕಶಿಲೆಯ ಕಣ ಇರುತ್ತದೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ವಜ್ರಕ್ಕೆ 10, ಸ್ಫಟಿಕಕ್ಕೆ 7. ಸಾಮಾನ್ಯ ಗಾಜನ್ನೇ ಗೀಚುವ ವಸ್ತು ಅದು. ಕಾರಿನ ಬಣ್ಣ ಅದಕ್ಕೆ ಯಾವ ಲೆಕ್ಕ?

ಆ ಬಣ್ಣವಾದರೂ ಎಷ್ಟು ದಪ್ಪ? ಕಾರ್ಖಾನೆಯಲ್ಲಿ ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಒಂದು ಪದರ, ಆಮೇಲೆ ಪ್ರೈಮರ್, ಆಮೇಲೆ ನಾವು ನೋಡಿ ಮೆಚ್ಚಿದ ಬಣ್ಣ, ಎಲ್ಲದರ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಲೇಪ. ನಾಲ್ಕೂ ಸೇರಿದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ, ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು. ಮೇಲಿನ ಪಾರದರ್ಶಕ ಪದರವೊಂದೇ ತೆಗೆದುಕೊಂಡರೆ ಸುಮಾರು 40 ಮೈಕ್ರಾನು, ತಲೆಗೂದಲಿಗಿಂತ ತೆಳು. ಹೊಳಪೆಲ್ಲ ಇರುವುದು ಅದರಲ್ಲಿ. ಸೂರ್ಯನ ಬೆಳಕಿನಲ್ಲಿ ಕಪ್ಪು ಕಾರಿನ ಬಾನೆಟ್ ನೋಡಿದಾಗ ಜೇಡರ ಬಲೆಯ ಹಾಗೆ ಸುತ್ತು ಸುತ್ತಾಗಿ ಗೆರೆಗಳು ಕಾಣುತ್ತವಲ್ಲ, ಅವು ಈ ಪದರದ ಮೇಲಿನ ಗೀರುಗಳು. ಬಿಳಿ ಕಾರಿನಲ್ಲೂ ಇರುತ್ತವೆ, ಕಣ್ಣಿಗೆ ಕಾಣಿಸುವುದಿಲ್ಲ ಅಷ್ಟೆ. ಹಳೆಯ ಅಂಬಾಸಿಡರ್ ಕಾಲದಲ್ಲಿ ಈ ಮೇಲಿನ ಪದರವೇ ಇರಲಿಲ್ಲ. ಪಾಲಿಶ್ ಹಾಕಿ ಉಜ್ಜಿದರೆ ಕಾರಿನ ಬಣ್ಣವೇ ಬಟ್ಟೆಗೆ ಹತ್ತುತ್ತಿತ್ತು. ಆಗ ಕಲಿತ ಉಜ್ಜುವ ಅಭ್ಯಾಸ ಕಾರು ಬದಲಾದರೂ ನಮ್ಮ ಕೈ ಬಿಟ್ಟಿಲ್ಲ.

ಧೂಳಿನ ಜೊತೆ ಬೇರೆ ಕಲೆಯೂ ಕಾರಿಗೆ ಹತ್ತುವ ಮಾತು ಬಂದರೆ ನನಗೆ ಸದಾ ನೆನಪಾಗುವ ಊರು ತಮಿಳುನಾಡಿನ ತೇನಿ ಜಿಲ್ಲೆಯ ಓಡೈಪಟ್ಟಿ. ಶಬರಿಮಲೆಗೆ ಕಾರಿನಲ್ಲಿ ಹೋದ ನಮ್ಮವರಿಗೆ ಆ ದಾರಿ ಗೊತ್ತು. ದಿಂಡಿಗಲ್, ಬತ್ತಲಗುಂಡು, ತೇನಿ, ಚಿನ್ನಮನೂರು, ಉತ್ತಮಪಾಳ್ಯಂ, ಕಂಬಂ, ಆಮೇಲೆ ಘಟ್ಟ ಹತ್ತಿ ಕುಮಿಳಿ. ಚಿನ್ನಮನೂರಿನಲ್ಲಿ ಹೆದ್ದಾರಿ ಬಿಟ್ಟು ಪೂರ್ವಕ್ಕೆ, ಮೇಘಮಲೆಯ ತಪ್ಪಲಿನ ಕಡೆ ತಿರುಗಿದರೆ ಓಡೈಪಟ್ಟಿ ಸಿಗುತ್ತದೆ. ಆ ಕಂಬಂ ಕಣಿವೆಯಲ್ಲಿ ಕನ್ನಡ ಕಿವಿಗೆ ಬಿದ್ದರೆ ಬೆಚ್ಚಬೇಡಿ. ಕಾಪಿಲಿಯರೆಂದು ಕರೆಸಿಕೊಳ್ಳುವ ಒಕ್ಕಲಿಗರು ತಲೆಮಾರುಗಳಿಂದ ಅಲ್ಲಿ ಬೇಸಾಯ ಮಾಡಿಕೊಂಡಿದ್ದಾರೆ, ಮನೆಮಾತು ಕನ್ನಡ.

ಓಡೈಪಟ್ಟಿಯ ಹೆಸರು ಬೀಜವಿಲ್ಲದ ದ್ರಾಕ್ಷಿಗೆ. ಕಣಿವೆಯ ಉಳಿದ ಕಡೆ ಬೆಳೆಯುವುದು ಕಂಬಂ ಪನ್ನೀರ್ ದ್ರಾಕ್ಷಿ. ಅದಕ್ಕೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಒಂದಲ್ಲ ಒಂದು ತೋಟದಲ್ಲಿ ವರ್ಷವಿಡೀ ಕೊಯ್ಲು ಇರುತ್ತದೆ, ಹಾಗಾಗಿ ಒಂದಲ್ಲ ಒಂದು ತೋಟದಲ್ಲಿ ಔಷಧಿ ಸಿಂಪಡಣೆಯೂ ಇರುತ್ತದೆ. ದ್ರಾಕ್ಷಿಯ ಎಲೆಗೆ ಬೂಜು ರೋಗ ಹತ್ತದಂತೆ ಹೊಡೆಯುವ ಹಳೆಯ ಮದ್ದು ಬೋರ್ಡೋ ದ್ರಾವಣ. ನಮ್ಮ ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ: ಅಡಿಕೆಗೆ ಕೊಳೆರೋಗ ಬಾರದಿರಲೆಂದು ಹೊಡೆಯುವ ಮೈಲುತುತ್ತ ಸುಣ್ಣ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಸೂರು ಸಂಸ್ಥಾನದಲ್ಲಿ ವಿಜ್ಞಾನಿಯಾಗಿದ್ದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆರೋಗವನ್ನು ಅಧ್ಯಯನ ಮಾಡಿ ಅಡಿಕೆಗೆ ಇದನ್ನು ಹೊಡೆಯುವುದು ಕಲಿಸಿದರು. ಫ್ರಾನ್ಸಿನಲ್ಲಿ ಇದರ ಹುಟ್ಟು ಇನ್ನೂ ತಮಾಷೆಯದು. ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ಬೋರ್ಡೋ ಸೀಮೆಯ ರೈತರು ರಸ್ತೆಬದಿಯ ಬಳ್ಳಿಗಳಿಗೆ ಮಾತ್ರ ಈ ನೀಲಿ ಗಂಜಿ ಬಳಿಯುತ್ತಿದ್ದರಂತೆ. ಆ ಬಳ್ಳಿಗಳಿಗೆ ರೋಗ ಬಾರದಿರುವುದನ್ನು ಕಂಡ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞ 1885ರಲ್ಲಿ ಅದನ್ನು ಮದ್ದೆಂದು ಪ್ರಕಟಿಸಿದ.

ರಸ್ತೆಬದಿಯ ಬಳ್ಳಿಗೆ ಹೊಡೆದದ್ದು ರಸ್ತೆಬದಿಯ ಕಾರಿಗೂ ಹಾರುತ್ತದೆ. ಅದರಲ್ಲೂ ಓಡೈಪಟ್ಟಿಯ ಕಡೆ ಗಾಳಿ ಜೋರು. ನೈಋತ್ಯ ಮಾರುತ ಪಶ್ಚಿಮ ಘಟ್ಟದ ಸಂದುಗಳಲ್ಲಿ ನುಗ್ಗಿ ಬರುವುದರಿಂದಲೇ ತೇನಿ ಜಿಲ್ಲೆಯಲ್ಲಿ ಅಷ್ಟು ಗಾಳಿಯಂತ್ರಗಳು ನಿಂತಿವೆ. ಆ ಮಾರುತದ ತಿಂಗಳುಗಳಲ್ಲಿ ತೋಟದ ಪಕ್ಕ ಕಾರು ನಿಲ್ಲಿಸಿ ಹಣ್ಣು ಕೊಂಡು ಬರುವಷ್ಟರಲ್ಲಿ ಗಾಜಿನ ಮೇಲೆ ಮಣ್ಣು, ಬಾನೆಟ್ ಮೇಲೆ ತಿಳಿನೀಲಿ ಚುಕ್ಕೆ. ಶಿರಸಿ, ಸಾಗರದ ಅಂಗಳಗಳಲ್ಲಿ ನಿಂತ ಕಾರಿಗೂ ಜೂನ್ ತಿಂಗಳಲ್ಲಿ ಇದೇ ಚುಕ್ಕೆ.

ಆ ಚುಕ್ಕೆ ಒಣಗಿದ ಮೇಲೆ ಉಗುರಿನಲ್ಲಿ ಕೆರೆಯುವವರಿದ್ದಾರೆ. ಕೆರೆಯಬಾರದು. ಅದರಲ್ಲಿರುವ ಸುಣ್ಣ ಗಾಳಿ ತಾಗಿ ಸುಣ್ಣಕಲ್ಲಾಗಿರುತ್ತದೆ. ನೀರಿಗೆ ಕರಗುವುದಿಲ್ಲ, ಹುಳಿಗೆ ಕರಗುತ್ತದೆ. ಒಂದು ಪಾಲು ಬಿಳಿ ವಿನಿಗರ್‌ಗೆ ಮೂರು ಪಾಲು ನೀರು ಬೆರೆಸಿ, ಬಟ್ಟೆ ಅದ್ದಿ, ಚುಕ್ಕೆಯ ಮೇಲೆ ಒಂದು ನಿಮಿಷ ಇಟ್ಟು ತೆಗೆಯಿರಿ. ನಂತರ ಧಾರಾಳ ನೀರು ಹಾಕಿ. ಕಾರು ತಣ್ಣಗಿರುವಾಗ, ನೆರಳಿನಲ್ಲಿ ಮಾತ್ರ. ಬೋರ್‌ವೆಲ್ ನೀರು ಒಣಗಿ ಉಳಿದ ಬಿಳಿ ಕಲೆಗೂ ಇದೇ ಉಪಾಯ.

ತಾಮ್ರದ ಲವಣವಾದ ಮೈಲುತುತ್ತದ ಸಂಗತಿಯೇ ಬೇರೆ. ದ್ರಾವಣ ಹದವಾಗಿದೆಯೇ ಎಂದು ನೋಡಲು ರೈತರು ಹೊಳೆಯುವ ಚಾಕುವನ್ನು ಅದರಲ್ಲಿ ಅದ್ದುತ್ತಾರೆ. ಅಲಗಿನ ಮೇಲೆ ಕೆಂಪು ಬಣ್ಣ ಕುಳಿತರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು ಎಂದರ್ಥ. ಆ ಕೆಂಪು, ತಾಮ್ರ. ಕಬ್ಬಿಣ ಕರಗಿ ತಾಮ್ರ ಹೊರಬಿದ್ದದ್ದು. ಕಬ್ಬಿಣದ ಪಾತ್ರೆಯಲ್ಲಿ ಬೋರ್ಡೋ ಕಲಸಬಾರದು ಎನ್ನುವುದೂ ಇದಕ್ಕೇ. ಈಗ ನಿಮ್ಮ ಕಾರಿನ ಬಾನೆಟ್‌ನ ಮುಂಭಾಗದಲ್ಲಿ ಲಾರಿಯಿಂದ ಹಾರಿದ ಜಲ್ಲಿ ಬಡಿದು ಬಣ್ಣ ಎದ್ದ ಒಂದೆರಡು ಸಾಸಿವೆಯಷ್ಟು ಜಾಗ ಇದ್ದೇ ಇರುತ್ತದೆ. ಅಲ್ಲಿ ತಗಡು ಬರಿಮೈಯಲ್ಲಿದೆ. ಹದ ತಪ್ಪಿದ ದ್ರಾವಣ ಅಲ್ಲಿ ಬಿದ್ದರೆ ಚಾಕುವಿಗೆ ಆದದ್ದೇ ತಗಡಿಗೂ ಆಗುತ್ತದೆ. ಕಾರು ಹೊಳೆಯದಿದ್ದರೂ ಪರವಾಗಿಲ್ಲ, ಇಂಥ ಜಾಗಗಳನ್ನು ಮೊದಲು ತೊಳೆಯಿರಿ.

ಸಮಯ ಕಡಿಮೆಯಿದ್ದಾಗ ನಾನು ಹೇಳುವ ದಾರಿ ಇದು: ಎಚ್ಚರ ಕಡಿಮೆ ಮಾಡಬೇಡಿ, ಕೆಲಸದ ಜಾಗ ಕಡಿಮೆ ಮಾಡಿ. ಇಡೀ ಕಾರನ್ನು ಗಡಿಬಿಡಿಯಲ್ಲಿ ಒರೆಸುವ ಬದಲು, ಕಾಯಲಾಗದ್ದನ್ನು ಮಾತ್ರ ಸರಿಯಾಗಿ ತೆಗೆದು ಉಳಿದದ್ದನ್ನು ಭಾನುವಾರಕ್ಕೆ ಬಿಡಿ.

ಕಾಯಲಾಗದ್ದು ಯಾವುದು? ಮೊದಲನೆಯದು ಹಕ್ಕಿಯ ಹಿಕ್ಕೆ. ಅದರಲ್ಲಿ ಯೂರಿಕ್ ಆಮ್ಲವಿದೆ, ಅದಕ್ಕಿಂತ ಹೆಚ್ಚು ಕೆಡುಕು ಬಿಸಿಲಿನದು. ಮಧ್ಯಾಹ್ನ ಬಣ್ಣದ ಪದರ ಕಾದು ಹಿಗ್ಗಿ ಮೆತ್ತಗಾಗುತ್ತದೆ, ಹಿಕ್ಕೆ ಒಣಗಿ ಗಟ್ಟಿಯಾಗುತ್ತದೆ. ಸಂಜೆ ತಣಿದು ಕುಗ್ಗುವಾಗ ಪದರ ಆ ಹಿಕ್ಕೆಯ ಅಂಚಿಗೇ ಕಚ್ಚಿಕೊಂಡು ಗಟ್ಟಿಯಾಗಿ ಅದರ ಅಚ್ಚು ಉಳಿಯುತ್ತದೆ. ಆಮೇಲೆ ಎಷ್ಟು ತೊಳೆದರೂ ಆ ಜಾಗ ಮಂಕು. ಎರಡನೆಯದು, ರಾತ್ರಿ ಓಡಿಸಿದಾಗ ಮುಂಭಾಗಕ್ಕೆ ಬಡಿದ ಹುಳುಗಳು. ಮೂರನೆಯದು ಮರದ ಅಂಟು. ಮತ್ತೆ ಈಗ ಹೇಳಿದ ಸಿಂಪಡಣೆಯ ಚುಕ್ಕೆ. ಇವುಗಳ ಮೇಲೆ ಒದ್ದೆ ಮಾಡಿದ ಬಟ್ಟೆಯನ್ನೋ ಟಿಶ್ಯೂ ಕಾಗದವನ್ನೋ ಹಾಸಿ ಐದು ನಿಮಿಷ ಬಿಡಿ, ನೆನೆದ ಮೇಲೆ ಎತ್ತಿ ತೆಗೆಯಿರಿ. ಬೇಕಾದರೆ ಎರಡನೇ ಸಲ ಹಾಸಿ. ಒರೆಸುವುದು ಬೇಡ. ಹತ್ತೇ ನಿಮಿಷ ಇರುವವರು ಇದನ್ನು ಮಾಡಿ, ಗಾಜು, ಕನ್ನಡಿ, ದೀಪ, ನಂಬರ್ ಪ್ಲೇಟ್ ತೊಳೆದು ಹೊರಡಿ. ದೇವರಿಗೆ ಕಾರಿನ ಬಾಗಿಲಿನ ಧೂಳಿನ ಮೇಲೆ ಸಿಟ್ಟಿರಲಾರದು.

ಅರ್ಧ ಗಂಟೆ ಇದ್ದವರಿಗೆ. ಕಾರನ್ನು ನೆರಳಿಗೆ ತನ್ನಿ. ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ. ಬಿಸಿಯಿದ್ದರೆ ಅದು ತಣಿಯುವವರೆಗೆ ಒಳಗಿನ ಕಸ ತೆಗೆಯಿರಿ. ಬಿಸಿ ತಗಡಿನ ಮೇಲೆ ಸೋಪು ಒಣಗಿ ಕಲೆಯಾಗುತ್ತದೆ. ಈಗಷ್ಟೇ ಘಟ್ಟ ಇಳಿದು ಬಂದಿದ್ದರೆ ಕಾದ ಬ್ರೇಕ್ ಡಿಸ್ಕಿಗೆ ತಣ್ಣೀರು ಸುರಿಯುವುದೂ ತಪ್ಪು.

ಮೊದಲ ಐದಾರು ನಿಮಿಷ ಬರೀ ನೀರು, ಮೇಲಿನಿಂದ ಕೆಳಕ್ಕೆ, ಕೈ ತಾಗಿಸದೆ. ಜನ ಅವಸರ ಮಾಡುವುದು ಇಲ್ಲೇ, ಮಾಡಬಾರದ ಜಾಗವೂ ಇದೇ. ಇದನ್ನು ದನ ಸಾಕುವವರಿಂದ ಕಲಿಯಬೇಕು. ಕಂಬಂ ಕಣಿವೆಯ ಕಾಪಿಲಿಯರಿಗೆ ದೇವರ ದನಗಳೆಂದರೆ ಪ್ರಾಣ. ಕಂಬಂ ಊರಿನ ನಂದಗೋಪಾಲಸ್ವಾಮಿಯ ದೊಡ್ಡಿಯಲ್ಲಿ ಸಾಕುವ, ತಂಬಿರಾನ್ ಎಂದು ಕರೆಯುವ ಆ ದನಗಳನ್ನು ನೋಡಲು ಮಾಟ್ಟುಪ್ಪೊಂಗಲ್ ಎಂಬ ದನಗಳ ಹಬ್ಬದ ದಿನ ಊರೂರಿನಿಂದ ಜನ ಬರುತ್ತಾರೆ. ದನ ಸಾಕಿದ ಯಾರನ್ನೇ ಕೇಳಿ, ಒಣಗಿದ ಕೆಸರನ್ನು ಹೋರಿಯ ಮೈಯಿಂದ ಒಣಗೈಯಲ್ಲಿ ತಿಕ್ಕುವುದಿಲ್ಲ, ನೀರು ಹೊಯ್ದು ನೆನೆಯಲು ಬಿಡುತ್ತಾರೆ. ಹೋರಿಯಾದರೆ ತಿಕ್ಕಿದವನಿಗೆ ಒದೆಯುತ್ತದೆ. ಕಾರು ಸುಮ್ಮನಿರುತ್ತದೆ, ಅದಕ್ಕೇ ನಮಗೆ ಸಲಿಗೆ.

ಪ್ರೆಷರ್ ಪಂಪ್ ಇದ್ದವರು ಮೂತಿಯನ್ನು ಬಣ್ಣದಿಂದ ಒಂದಡಿಯಾದರೂ ದೂರ ಹಿಡಿಯಿರಿ. ಜಲ್ಲಿ ಬಡಿದು ಬಣ್ಣ ಎದ್ದ ಕಡೆ, ರಬ್ಬರ್ ಪಟ್ಟಿಯ ಕಡೆ ಇನ್ನೂ ದೂರ. ಒತ್ತಡದ ನೀರು ಎದ್ದ ಬಣ್ಣದ ಅಂಚಿಗೆ ನುಗ್ಗಿ ಇನ್ನಷ್ಟು ಕೀಳುತ್ತದೆ.

ಆಮೇಲೆ ಎರಡು ಬಕೆಟ್ಟು. ಒಂದರಲ್ಲಿ ಕಾರಿನ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರೀ ನೀರು. ಶಾಂಪೂವಿನ ಮುಖ್ಯ ಕೆಲಸ ಜಾರಿಸುವುದು. ಬಟ್ಟೆಗೂ ಬಣ್ಣಕ್ಕೂ ನಡುವೆ ಕಣ ಉರುಳಿ ಹೋಗಲಿ, ಕಚ್ಚದಿರಲಿ ಎಂದು. ಬಟ್ಟೆ ಮೈಕ್ರೋಫೈಬರ್‌ನದಿರಲಿ. ಅದರ ಎಳೆಗಳ ನಡುವಿನ ಸಂದಿಗೆ ಕಣ ಹೋಗಿ ಕೂರುತ್ತದೆ. ಬನಿಯನ್ ಬಟ್ಟೆಯಲ್ಲಿ ಕಣ ಮೇಲ್ಮೈಯಲ್ಲೇ ಉಳಿದು ಉಪ್ಪುಕಾಗದದ ಕೆಲಸ ಮಾಡುತ್ತದೆ. ಸೋಪಿನ ಬಕೆಟ್ಟಿನಲ್ಲಿ ಅದ್ದಿ, ಛಾವಣಿ ತೊಳೆದು, ಬಟ್ಟೆಯನ್ನು ಬರೀ ನೀರಿನ ಬಕೆಟ್ಟಿನಲ್ಲಿ ಜಾಲಾಡಿಸಿ, ಮತ್ತೆ ಸೋಪಿಗೆ. ಛಾವಣಿ, ಗಾಜು, ಬಾನೆಟ್, ಡಿಕ್ಕಿ, ಬಾಗಿಲಿನ ಮೇಲಿನರ್ಧ, ಈ ಕ್ರಮ. ಕೈ ನೇರಗೆರೆಯಲ್ಲಿ ಹೋಗಲಿ, ಸುತ್ತು ಹಾಕುವುದು ಬೇಡ, ಒತ್ತುವುದೂ ಬೇಡ. ಬಾಗಿಲಿನ ಕೆಳಗರ್ಧ ಮತ್ತು ಬಂಪರ್ ಕೊನೆಗೆ, ಏಕೆಂದರೆ ರಸ್ತೆಯ ಮರಳೆಲ್ಲ ಅಲ್ಲಿದೆ. ಸಮಯ ಮುಗಿಯಿತೆನಿಸಿದರೆ ಕೆಳಗಿನದನ್ನು ಬರೀ ನೀರಲ್ಲಿ ತೊಳೆದು ಕೈಬಿಡಿ. ಚಕ್ರಕ್ಕೆ ಬೇರೆ ಬಟ್ಟೆ, ಬೇರೆ ಬಕೆಟ್ಟು. ಬ್ರೇಕಿನಿಂದ ಉದುರಿದ ಲೋಹದ ಪುಡಿ ಅಲ್ಲಿರುತ್ತದೆ, ಅದು ಬಾನೆಟ್‌ಗೆ ಬರಬಾರದು.

ಪಾತ್ರೆ ತೊಳೆಯುವ ಸೋಪು ಹಾಕಬಹುದೇ ಎಂದು ಕೇಳುತ್ತೀರಿ. ಒಂದು ಸಲ ಹಾಕಿದರೆ ಬಣ್ಣವೇನೂ ಕಿತ್ತು ಬರುವುದಿಲ್ಲ. ಮೇಲೆ ಮೇಣ ಬಳಿಸಿದ್ದರೆ ಅದನ್ನು ತೆಗೆದುಹಾಕುತ್ತದೆ. ಬೇರೆ ಏನೂ ಸಿಗದಿದ್ದರೆ ಹಾಕಿ, ಅಭ್ಯಾಸ ಮಾಡಿಕೊಳ್ಳಬೇಡಿ. ಡೀಸೆಲ್ ಬಟ್ಟೆಯಲ್ಲಿ ಒರೆಸುವ ಹಳೆಯ ಚಾಲಕರ ಪದ್ಧತಿಗೆ ಮಾತ್ರ ನನ್ನ ವಿರೋಧವಿದೆ. ಒಂದು ಗಂಟೆ ಮಿರಿಮಿರಿ ಮಿಂಚುತ್ತದೆ, ಆಮೇಲೆ ಊರ ಧೂಳನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ, ರಬ್ಬರಿಗೂ ಕೇಡು.

ತೊಳೆದಾದ ಮೇಲೆ ಒಣಗಿಸುವುದನ್ನು ಬಿಡಬೇಡಿ, ಗಡಸು ನೀರಿನ ಊರಿನವರಂತೂ ಬಿಡಲೇಬೇಡಿ. ನೀರಿನ ಹನಿ ಆವಿಯಾದಾಗ ಅದರಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಬಣ್ಣದ ಮೇಲೆ ಉಂಗುರವಾಗಿ ಉಳಿಯುತ್ತದೆ. ದೊಡ್ಡ ಒಣ ಟವೆಲನ್ನು ಹರಡಿ ಹಾಸಿ, ಮೆಲ್ಲಗೆ ತಟ್ಟಿ, ಎತ್ತಿಕೊಳ್ಳಿ.

ಶಬರಿಮಲೆ ದಾರಿಯಲ್ಲಿ, ತೇನಿಯಿಂದ ಕಂಬಂವರೆಗೂ, ನಮ್ಮಲ್ಲಿರುವಂತೆಯೇ ವಾಟರ್ ಸರ್ವಿಸ್ ಅಂಗಡಿಗಳಿವೆ. ಮಕರವಿಳಕ್ಕಿನ ದಿನಗಳಲ್ಲಿ ಕಂಬಂಮೆಟ್ಟು ಘಟ್ಟದ ಕಡೆಯಿಂದ ಹತ್ತಿಸಿ ಕುಮಿಳಿ ಕಡೆಯಿಂದ ಇಳಿಸುವ ಏಕಮುಖ ವ್ಯವಸ್ಥೆ ಬಂದಾಗ ಕಾರುಗಳ ಸಾಲೇ ಸಾಲು. ಅಂಥ ಜನಜಂಗುಳಿಯಲ್ಲಿ ತೊಳೆಯುವ ಹುಡುಗ ಒಂದೇ ಬಟ್ಟೆಯಲ್ಲಿ ಹತ್ತು ಕಾರು ಒರೆಸಿದರೆ ಅವನನ್ನು ಬಯ್ಯಲಾಗದು, ಅವನಿಗೂ ಹೊಟ್ಟೆಪಾಡು. "ನೀರು ಹೊಡೆದು, ನೊರೆ ಹಾಕಿ, ಮತ್ತೆ ನೀರು ಹೊಡೆಯಪ್ಪ, ಒರೆಸುವ ಬಟ್ಟೆ ನಾನು ತಂದಿದ್ದೇನೆ" ಎಂದರೆ ಅವನ ಸಮಯವೂ ಉಳಿಯಿತು. ದುಡ್ಡು ಮಾತ್ರ ಪೂರ್ತಿ ಕೊಡಿ.

ನಗರದ ಅಪಾರ್ಟ್‌ಮೆಂಟುಗಳಲ್ಲಿ ಬೆಳಗಿನ ಜಾವ ಒಣ ಬಟ್ಟೆಯಲ್ಲೋ ಹಕ್ಕಿಗರಿಯ ಕುಂಚದಲ್ಲೋ ದಿನವೂ ಧೂಳು ಹೊಡೆಸುವ ಪದ್ಧತಿ ಇದೆಯಲ್ಲ, ತಿಂಗಳ ಸಂಬಳ ಕೊಟ್ಟು ಗೀರು ಹಾಕಿಸಿಕೊಳ್ಳುವುದು ಎಂದರೆ ಅದೇ. ವಾರಕ್ಕೆ ಒಂದು ದಿನ ಸರಿಯಾಗಿ ತೊಳೆಯಲು ಹೇಳಿ, ಅದೇ ಸಂಬಳ ಕೊಡಿ.

ನೀರಿಲ್ಲದ ಊರಿನವರು? 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತು, ಕೆಲವು ಮನೆಗಳಿಂದ ವಸೂಲಿಯನ್ನೂ ಮಾಡಿತು. ಅಂಥ ಸಮಯಕ್ಕೆ ರಿನ್ಸ್‌ಲೆಸ್ ಎಂಬ ದ್ರಾವಣಗಳು ಸಿಗುತ್ತವೆ. ಅರ್ಧ ಬಕೆಟ್ ನೀರಿಗೆ ಒಂದೆರಡು ಮುಚ್ಚಳ ಹಾಕಿ, ಆರೆಂಟು ಮೈಕ್ರೋಫೈಬರ್ ಬಟ್ಟೆ ಅದರಲ್ಲಿ ನೆನೆಸಿ, ಪ್ರತಿಯೊಂದನ್ನೂ ನಾಲ್ಕು ಮಡಿಕೆ ಮಾಡಿದರೆ ಒಂದು ಬಟ್ಟೆಗೆ ಎಂಟು ಮುಖ. ಒಂದು ಮುಖದಲ್ಲಿ ಒಂದು ಎಳೆತ, ಕೊಳೆಯಾದ ಮುಖ ಮತ್ತೆ ಕಾರಿಗೆ ತಾಗುವಂತಿಲ್ಲ. ಮತ್ತೆ ನೀರು ಹೊಯ್ಯಬೇಕಿಲ್ಲ. ತೆಳು ಧೂಳಿಗೆ ಇದು ಚೆನ್ನ, ಸಮಯವೂ ಅರ್ಧದಷ್ಟೇ ಸಾಕು. ಕೆಸರು ಮೆತ್ತಿದ ಕಾರಿಗೆ ಬೇಡ. ಅದನ್ನು ಮಳೆಗೆ ಬಿಟ್ಟು ಸುಮ್ಮನಿರುವುದು ಮೇಲು.

ಇನ್ನು ನಾಳೆಯ ಪೂಜೆ. ಅರಿಶಿನ, ಕುಂಕುಮ, ಗಂಧವನ್ನು ಬಣ್ಣದ ಮೇಲೆ ಹಚ್ಚುವ ಬದಲು ಮುಂದಿನ ಗಾಜಿಗೆ, ನಂಬರ್ ಪ್ಲೇಟಿನ ಅಂಚಿಗೆ ಹಚ್ಚಿ. ಗಾಜು ಏನನ್ನೂ ಹೀರುವುದಿಲ್ಲ. ಕರ್ಪೂರದ ತಟ್ಟೆಯನ್ನು ಬಾನೆಟ್ ಮೇಲೆ ಇಡಬೇಡಿ, ಅದು ಸುಟ್ಟ ಗುರುತಿಗೆ ಪಾಲಿಶ್ ಮದ್ದಲ್ಲ. ಹೂವಿನ ಹಾರ ಕಟ್ಟುವ ತಂತಿ ಬಾನೆಟ್‌ಗೆ ತಾಗದಂತೆ ನೋಡಿ. ಗಾಳಿಗೆ ಅಲ್ಲಾಡಿದರೆ ಅದೇ ಮೊಳೆ. ಕುಂಬಳಕಾಯಿ ಒಡೆದಾಗ ಸಿಡಿದ ಕುಂಕುಮದ ನೀರನ್ನು ಒಣಗುವ ಮೊದಲೇ ನೀರು ಹಾಕಿ ಇಳಿಸಿ. ಬಿಳಿ ಕಾರಿಗೆ ಅರಿಶಿನದ ಕಲೆ ಉಳಿದರೆ ಗಾಬರಿ ಬೇಡ, ತಿಕ್ಕುವುದೂ ಬೇಡ. ಅರಿಶಿನದ ಬಣ್ಣದ ಅಂಶ ಬಿಸಿಲಿಗೆ ನಿಲ್ಲುವುದಿಲ್ಲ. ಕೆಲವು ದಿನ ಬಿಸಿಲಲ್ಲಿ ನಿಲ್ಲಿಸಿದರೆ ತಾನಾಗಿ ಮಾಸುತ್ತದೆ.

ಕೆಲಸ ಮುಗಿದ ಮೇಲೆ ಬಟ್ಟೆಗಳನ್ನು ಬೇರೆಯಾಗಿ ಒಗೆಯಿರಿ, ಬಟ್ಟೆ ಮೆತ್ತಗಾಗಿಸುವ ದ್ರವ ಹಾಕದೆ, ಏಕೆಂದರೆ ಅದು ಎಳೆಗಳ ಸಂದಿಯನ್ನು ಮುಚ್ಚಿಬಿಡುತ್ತದೆ. ತೊಳೆಯುವಾಗ ನೆಲಕ್ಕೆ ಬಿದ್ದ ಬಟ್ಟೆ ಅಂದಿನ ಮಟ್ಟಿಗೆ ಚಕ್ರದ ಬಟ್ಟೆ. ಮತ್ತೆ ಕಾರನ್ನು ಒಳಗೆ ನಿಲ್ಲಿಸುವ ಮೊದಲು ಬೀದಿಯಲ್ಲಿ ಒಂದು ಸುತ್ತು ನಿಧಾನವಾಗಿ ಓಡಿಸಿ ಎರಡು ಮೂರು ಸಲ ಬ್ರೇಕ್ ಒತ್ತಿ. ಒದ್ದೆ ಡಿಸ್ಕು ರಾತ್ರಿಯಿಡೀ ಹಾಗೇ ನಿಂತರೆ ತೆಳುವಾಗಿ ತುಕ್ಕು ಹಿಡಿಯುತ್ತದೆ, ನಾಳೆ ಬೆಳಗ್ಗೆ ನಿಂಬೆಹಣ್ಣಿನ ಮೇಲೆ ಹತ್ತಿಸುವಾಗ ಕಿರ್ರೆಂದರೆ ಮನೆಯವರಿಗೆಲ್ಲ ಆತಂಕ.